ಜೋಗ ನೋಡಲು ಮಘೆ ಮಳೆಯಲ್ಲಿ ಎರಡು ದಿನ

ಜೋಗ ನೋಡಬೇಕೆಂಬ ಆಸೆ ಯಾರಿಗಿಲ್ಲ? ಆದರೆ ಆ ಆಸೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಮುದುಕರಾದವರು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿ ಇದ್ದಾರೆ. ಬೇಸಿಗೆಯಲ್ಲಿ ರೈತನಿಗೆ ಬಿಡುವಿರುತ್ತದೆ, ಆಗ ಜೋಗದಲ್ಲಿ ನೀರಿರುವುದಿಲ್ಲ. ಮಳೆಗಾಲದಲ್ಲಿ ನೀರಿರುತ್ತದೆ, ಆಗ ರೈತನಿಗೆ ಬಿಡುವಿರುವುದಿಲ್ಲ. ಇವೆರಡರ ನಡುವೆ ಎರಡು ದಿನ ಹುಡುಕಿ ತೆಗೆಯಲು ಸಾಧ್ಯವಿದೆ. ಹೇಗೆಂಬುದನ್ನು ನಾನು ಒಮ್ಮೆ ಕೆಟ್ಟು ಕಲಿತೆ.

2016ರ ಮೇ ತಿಂಗಳು. ಮಕ್ಕಳಿಗೆ ರಜೆ ಇತ್ತು, ಹೊಲದಲ್ಲಿ ಕೆಲಸವಿರಲಿಲ್ಲ. ಹಾನಗಲ್ಲ ಕಡೆಯ ನಮ್ಮೂರಿನಿಂದ ಶಿರಸಿ, ಸಿದ್ದಾಪುರದ ಮೇಲೆ ಜೋಗಕ್ಕೆ ನೂರು ಕಿಲೋಮೀಟರಿನ ಆಸುಪಾಸು. ಎಪ್ಪತ್ತರ ಹತ್ತಿರ ಬಂದಿದ್ದ ಅವ್ವನನ್ನೂ ಕರೆದುಕೊಂಡು ಹೊರಟೆ. ಕಟಕಟೆಯ ಬಳಿ ನಿಂತು ನೋಡಿದರೆ ಎದುರಿಗೆ ಬರೀ ಕರಿ ಬಂಡೆ. ಅದರ ಮೇಲೆ ದನ ಕಟ್ಟುವ ಹಗ್ಗದಷ್ಟು ದಪ್ಪದ ಒಂದೆರಡು ಎಳೆ ನೀರು. ಅವ್ವ ಸ್ವಲ್ಪ ಹೊತ್ತು ನೋಡಿ, "ಈ ಕಲ್ಲು ನೋಡಾಕ ಎಮ್ಮಿ ಬಿಟ್ಟು ಬಂದ್ವೇನೋ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಎಮ್ಮೆ ಈದು ಎರಡು ತಿಂಗಳಾಗಿತ್ತು. ಹಿಂಡಲು ಒಪ್ಪಿಸಿ ಬಂದವರ ಕೈಗೆ ಅದು ಸೊರೆ ಬಿಟ್ಟಿರಲಿಲ್ಲ. ಊರಿಗೆ ಮರಳಿದಾಗ ಕೆಚ್ಚಲು ಬಾವು ಬಂದಿತ್ತು. ಅಲ್ಲಿಂದ ಎಂಟು ವರ್ಷ ನಮ್ಮ ಮನೆಯಲ್ಲಿ ಯಾರೂ ಜೋಗದ ಹೆಸರೆತ್ತಲಿಲ್ಲ.

ಜೋಗ ಎಂದರೆ ಕೋಡಿ

ಮಳೆ ಬಂದರೆ ಜೋಗ ತುಂಬುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಅದು ಅರ್ಧ ಸತ್ಯ.

ಶರಾವತಿ ನದಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದ ಬಳಿ ಸಮುದ್ರ ಸೇರುತ್ತದೆ. ಹರಿಯುವ ದೂರ ಸುಮಾರು 130 ಕಿ.ಮೀ. ಮಾತ್ರ. ಜೋಗದಲ್ಲಿ ಅದು 830 ಅಡಿ, ಅಂದರೆ 253 ಮೀಟರ್ ಕೆಳಕ್ಕೆ ಧುಮುಕುತ್ತದೆ. ಈ ಜಲಪಾತಕ್ಕೆ ಸುಮಾರು 6 ಕಿ.ಮೀ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ. ಅದರ ಕೆಲಸ ಮುಗಿದದ್ದು 1964ರಲ್ಲಿ. ಪೂರ್ಣ ಮಟ್ಟ 1819 ಅಡಿ, ಸಂಗ್ರಹ 151 ಟಿ.ಎಂ.ಸಿ.ಗೂ ಹೆಚ್ಚು. ಮೇಲಿನ ಕಾಡುಗಳಲ್ಲಿ ಸುರಿದ ಮಳೆಯೆಲ್ಲ ಮೊದಲು ಇಲ್ಲಿ ನಿಲ್ಲುತ್ತದೆ. ನಿಂತ ನೀರು ಜಲಪಾತದ ದಾರಿ ಹಿಡಿಯದೆ ಕಾಲುವೆ ಮತ್ತು ದೊಡ್ಡ ಕೊಳವೆಗಳಲ್ಲಿ ವಿದ್ಯುದಾಗಾರಗಳಿಗೆ ಹೋಗುತ್ತದೆ. 1948ರಲ್ಲಿ ಜೋಗದ ಕೆಳಗೆ ಆರಂಭವಾದ, ಈಗ ಮಹಾತ್ಮ ಗಾಂಧಿ ಹೆಸರಿನಲ್ಲಿರುವ ವಿದ್ಯುದಾಗಾರ ಹಳೆಯದು. ದೊಡ್ಡದು 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ.

ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಿಂಗನಮಕ್ಕಿ ಒಂದು ದೊಡ್ಡ ಕೆರೆ, ಜೋಗ ಅದರ ಕೋಡಿ. ಕೆರೆ ತುಂಬದೆ ಕೋಡಿ ಬೀಳುವುದುಂಟೇ? 2023ರ ಬರದಲ್ಲಿ ಲಿಂಗನಮಕ್ಕಿ ತುಂಬಲೇ ಇಲ್ಲ. ಆ ವರ್ಷ ಆಗಸ್ಟ್ ತಿಂಗಳಲ್ಲಿ ದೊಡ್ಡ ಧಾರೆ ನೋಡಲು ಹೋದವರು ಬಡಕಲು ಧಾರೆ ನೋಡಿ ಮರಳಿದರು.

ಹಾಗಾದರೆ ಜೂನ್-ಜುಲೈನಲ್ಲಿ ಕಾಣುವ ನೀರು ಎಲ್ಲಿಯದು ಎಂದು ಕೇಳಬಹುದು. ಅದು ಅಣೆಕಟ್ಟಿನಿಂದ ಕೆಳಗೆ, ಜಲಪಾತದವರೆಗಿನ ಚಿಕ್ಕ ಪ್ರದೇಶದಲ್ಲಿ ಬಿದ್ದ ಮಳೆಯ ನೀರು. ಮಲೆನಾಡಿನ ಮಳೆ ಜೋರಾಗಿ ಹಿಡಿದರೆ ಅದೇ ಸಾಕಷ್ಟಾಗುತ್ತದೆ. ಆದರೆ ಮಳೆ ಎರಡು ದಿನ ಬಿಟ್ಟರೆ ಅದೂ ಸೊರಗುತ್ತದೆ. ದೂರದಿಂದ ಬರುವವರು ಇದನ್ನು ನಂಬಿ ಹೊರಡಬಾರದು.

ಯಾವ ಮಳೆಯಲ್ಲಿ ಹೋಗಬೇಕು?

ಆರಿದ್ರಾ, ಪುನರ್ವಸು ಮಳೆಗಳಲ್ಲಿ ಬಿತ್ತನೆ, ಎಡೆಕುಂಟೆ, ನಾಟಿಯ ಗಡಿಬಿಡಿ. ಪುಷ್ಯ, ಆಶ್ಲೇಷಗಳಲ್ಲಿ ಗದ್ದೆ ನಾಟಿ ಉಳಿದಿರುತ್ತದೆ, ಗೋವಿನಜೋಳಕ್ಕೆ ಮೇಲುಗೊಬ್ಬರ ಕೊಡುವುದಿರುತ್ತದೆ. ಅಡಿಕೆಯವರಿಗೆ ಕೊಳೆರೋಗದ ಎರಡನೆಯ ಸಲದ ಬೋರ್ಡೋ ದ್ರಾವಣ ಹೊಡೆಯುವ ಚಿಂತೆ. ಆಗಸ್ಟ್ 17ರ ಸುಮಾರಿಗೆ ಮಘೆ ಹುಟ್ಟುತ್ತದೆ, ತಿಂಗಳ ಕೊನೆಗೆ ಪುಬ್ಬ. ಈ ಎರಡು ಮಳೆಗಳ ಹೊತ್ತಿಗೆ ಕಳೆ ತೆಗೆದಾಗಿರುತ್ತದೆ, ಕೊಯ್ಲು ಇನ್ನೂ ದೂರವಿರುತ್ತದೆ. ಒಳ್ಳೆಯ ಮಳೆಯಾದ ವರ್ಷಗಳಲ್ಲಿ ಲಿಂಗನಮಕ್ಕಿ ತುಂಬಿ ಬಾಗಿಲು ತೆರೆಯುವುದೂ ಹೆಚ್ಚಾಗಿ ಇದೇ ಹೊತ್ತಿಗೆ, ಇಲ್ಲವೇ ತುಸು ಮೊದಲು. ಉತ್ತರೆ ಮಳೆಯವರೆಗೂ ಅವಕಾಶವುಂಟು. ಹಸ್ತದ ಮೇಲೆ ಹೋದರೆ ನೀರು ಇಳಿಮುಖವಾಗಿರುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಮಳೆಗಾಲದಲ್ಲಿ ಪತ್ರಿಕೆಗಳು ಜಲಾಶಯಗಳ ಮಟ್ಟವನ್ನು ಪ್ರಕಟಿಸುತ್ತವೆ. ವಾಚನಾಲಯಕ್ಕೆ ಬಂದವರು ಆ ಪಟ್ಟಿಯಲ್ಲಿ ಲಿಂಗನಮಕ್ಕಿಯ ಸಾಲನ್ನು ಮಾತ್ರ ನೋಡುತ್ತಿರಿ. ಮಟ್ಟ 1815 ಅಡಿ ದಾಟಿ, ಒಳಹರಿವು ಇನ್ನೂ ಜೋರಿದ್ದರೆ ಬಟ್ಟೆ ಒಗೆದು ಇಟ್ಟುಕೊಳ್ಳಬಹುದು. ಇನ್ನೊಂದು ಗುರುತೂ ಇದೆ. ಬಾಗಿಲು ತೆರೆಯುವ ಮುನ್ನ ಶರಾವತಿಯ ದಂಡೆಯವರು ಎಚ್ಚರದಿಂದಿರಬೇಕೆಂಬ ಸೂಚನೆ ಪತ್ರಿಕೆಯಲ್ಲಿ ಬರುತ್ತದೆ. ಕೆಳಗಿನವರಿಗೆ ಅದು ಜಾಗ ಖಾಲಿ ಮಾಡುವ ಸೂಚನೆ, ನೋಡಬಯಸುವವರಿಗೆ ಹೊರಡುವ ಸೂಚನೆ.

ಹಾಗೆಂದು ಬಾಗಿಲೆಲ್ಲ ತೆರೆದ ದಿನವೇ ಓಡಬೇಡಿ. ಆಗ ನಾಲ್ಕು ಧಾರೆಗಳೂ ಕಲೆತು ಕೆಂಪು ನೀರಿನ ಗೋಡೆಯಾಗುತ್ತದೆ, ಹನಿಯ ಮೋಡದಲ್ಲಿ ಅದೂ ಮುಚ್ಚಿಹೋಗುತ್ತದೆ. ನಾಲ್ಕೈದು ದಿನ ಬಿಟ್ಟು, ಹೊರಹರಿವು ಸ್ವಲ್ಪ ತಗ್ಗಿದ ಮೇಲೆ ಹೋದರೆ ನಾಲ್ಕನ್ನೂ ಬೇರೆ ಬೇರೆಯಾಗಿ ನೋಡಬಹುದು. ಒಂದೇ ಏಟಿಗೆ ನೇರ ಕೆಳಗೆ ಬೀಳುವುದು ರಾಜಾ. ಅದರ ಪಕ್ಕದಲ್ಲಿ ಹೊರಟು ಅರ್ಧದಾರಿಯಲ್ಲಿ ಅದನ್ನೇ ಕೂಡಿಕೊಳ್ಳುವುದು ರೋರರ್, ಸದ್ದು ಅದರದೇ. ಬಾಣದಂತೆ ಚಿಮ್ಮಿ ಚಿಮ್ಮಿ ಇಳಿಯುವುದು ರಾಕೆಟ್. ಬಂಡೆಯ ಮೈಗೆ ನೊರೆಯಾಗಿ ಅಂಟಿಕೊಂಡು ಜಾರುವವಳು ರಾಣಿ.

ಎಮ್ಮೆಯ ವ್ಯವಸ್ಥೆ

ಎರಡನೆಯ ಸಲ, 2024ರ ಮಘೆ ಮಳೆಯಲ್ಲಿ, ನಾವು ಜೋಗಕ್ಕಿಂತ ಮೊದಲು ಯೋಚಿಸಿದ್ದು ಕೊಟ್ಟಿಗೆಯನ್ನು.

ಪಕ್ಕದ ಮನೆಯ ಕಾಕಾನ ಜೊತೆ ಮುಯ್ಯಿ ಮಾತಾಡಿಕೊಂಡೆವು. ಈ ಸಲ ಎರಡು ದಿನ ಅವರು ನಮ್ಮ ಎಮ್ಮೆ ಹಿಂಡುವುದು, ಅವರು ಮಗಳ ಊರಿಗೆ ಹೋದಾಗ ನಾವು ಅವರ ಆಕಳು ಹಿಂಡುವುದು. ಹಣದ ಮಾತಿಲ್ಲ. ಹೊರಡುವುದಕ್ಕೆ ಮೂರು ದಿನ ಮೊದಲಿನಿಂದಲೇ ಕಾಕಾ ಬಂದು ಹಿಂಡಿದರು, ನಾನು ಪಕ್ಕದಲ್ಲಿ ನಿಂತಿದ್ದೆ. ಮೊದಲ ದಿನ ಎಮ್ಮೆ ಒದೆಯಿತು. ಎರಡನೆಯ ದಿನ ಅರ್ಧ ಹಾಲು ಕೊಟ್ಟಿತು. ಮೂರನೆಯ ದಿನ ಸುಮ್ಮನಾಯಿತು. ದನ ಕೈಯ ಗುರುತು ಹಿಡಿಯುತ್ತದೆ ಎಂಬುದು ನಮಗೆಲ್ಲ ಗೊತ್ತು, ಹೊರಡುವ ಅವಸರದಲ್ಲಿ ಮರೆಯುತ್ತೇವೆ ಅಷ್ಟೇ. ಹಿಂಡಿಯನ್ನು ಹೊತ್ತಿಗೊಂದರಂತೆ ನಾಲ್ಕು ಚೀಲದಲ್ಲಿ ಅಳೆದಿಟ್ಟೆವು. ಹಸಿ ಮೇವು ಕೊಯ್ದು ನೆರಳಲ್ಲಿ ಹರವಿದೆವು. ಗುಡ್ಡೆ ಹಾಕಿದರೆ ಮಳೆಗಾಲದಲ್ಲಿ ಬಿಸಿಯೇರಿ ಕೆಡುತ್ತದೆ. ಪಶುವೈದ್ಯರ ಫೋನ್ ನಂಬರನ್ನು ಕೊಟ್ಟಿಗೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದೆ.

ಹದಿನೈದು ದಿನದೊಳಗೆ ಈಯುವ ದನವಿದ್ದರೆ ಮನೆಗೊಬ್ಬರು ಉಳಿಯುವುದೇ ಸರಿ. ರೇಷ್ಮೆಯವರು ನಾಲ್ಕನೆಯ ಜ್ವರ ಎದ್ದ ಹುಳು ಮನೆಯಲ್ಲಿರುವಾಗ ಹೊರಡುವ ಯೋಚನೆಯನ್ನೇ ಮಾಡುವುದಿಲ್ಲ; ಗೂಡು ಮಾರಿ ಮುಂದಿನ ಚಾಕಿ ತರುವ ನಡುವಿನ ದಿನಗಳು ಅವರವು. ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ಬಂದ್ ಮಾಡಿ ಹೋಗಿ. ಕರೆಂಟು ಬಂದಾಗ ಮೋಟಾರು ತಾನೇ ಶುರುವಾಗಿ, ಹೇಳುವವರಿಲ್ಲದೆ ಮಳೆಗಾಲದ ಹೊಲಕ್ಕೆ ಮತ್ತೆ ನೀರು ತುಂಬಿದ ಉದಾಹರಣೆ ನಮ್ಮೂರಲ್ಲೇ ಇದೆ.

ದಾರಿ ಮತ್ತು ವಸತಿ

ಶನಿವಾರ, ಭಾನುವಾರ ಪೇಟೆಯವರ ದಿನ. ಅವರಿಗೆ ಬೇರೆ ಬಿಡುವಿಲ್ಲ, ಕಾರುಗಳು ಸಾಲುಗಟ್ಟುತ್ತವೆ. ಆದ್ದರಿಂದ ವಾರದ ನಡುವೆ ಹೋಗುವುದು ಒಳ್ಳೆಯದು. ಶಾಲೆಯ ಮಕ್ಕಳಿದ್ದರೆ ಬೇರೆ ದಾರಿಯಿಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹೊರಟು, ರಾತ್ರಿ ಸಾಗರದಲ್ಲೋ ಸಿದ್ದಾಪುರದಲ್ಲೋ ತಂಗಿ, ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಜೋಗ ಸೇರಬೇಕು. ಸಾಗರದಿಂದ ಜೋಗಕ್ಕೆ ಸುಮಾರು 30 ಕಿ.ಮೀ., ಸಿದ್ದಾಪುರದಿಂದ ಸುಮಾರು 20. ಬೆಂಗಳೂರು, ಮೈಸೂರು ಕಡೆಯವರಿಗೆ ತಾಳಗುಪ್ಪದವರೆಗೆ ರೈಲಿದೆ. ಅಲ್ಲಿಂದ ಹದಿನೈದು ಕಿ.ಮೀ. ಚಿಲ್ಲರೆ. ಜೋಗದಲ್ಲೇ ಪ್ರವಾಸೋದ್ಯಮ ನಿಗಮದ ವಸತಿಗೃಹವಿದೆ, ಮೊದಲೇ ಕಾಯ್ದಿರಿಸಬೇಕು.

2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲದಿರುವುದು ಇಂಥ ಪ್ರಯಾಣಕ್ಕೆ ದೊಡ್ಡ ಅನುಕೂಲ. ಆಧಾರ್ ಕಾರ್ಡು ಮರೆಯಬಾರದು. ಮಲೆನಾಡಿನಲ್ಲಿ ಖಾಸಗಿ ಬಸ್ಸುಗಳೂ ಓಡುತ್ತವೆ, ಅವಕ್ಕೆ ಇದು ಅನ್ವಯಿಸುವುದಿಲ್ಲ. ಅವ್ವ ಸೊನ್ನೆ ಬರೆದ ಟಿಕೆಟನ್ನು ಎಲೆ ಅಡಿಕೆ ಚೀಲದಲ್ಲಿ ಮಡಿಸಿಟ್ಟುಕೊಂಡಿದ್ದಳು.

ಕೊಡೆ ಗಾಳಿಗೆ ನಿಲ್ಲುವುದಿಲ್ಲ, ಪ್ಲಾಸ್ಟಿಕ್ ಕೊಪ್ಪೆಯೇ ಮೇಲು. ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡಿದ್ದೆವು. ಕೈಯಲ್ಲಿ ತಿಂಡಿ ಕಂಡರೆ ಮಂಗಗಳು ಬಿಡುವುದಿಲ್ಲ. ಜಲಪಾತದ ತಳಕ್ಕೆ ಇಳಿಯುವ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಮಳೆಗಾಲದಲ್ಲಿ ಮುಚ್ಚಿರುತ್ತಾರೆ. ಮಂಡಿನೋವಿನವರಿಗೆ ಅದರಿಂದ ನಷ್ಟವೇನಿಲ್ಲ, ಮೇಲಿನಿಂದಲೇ ಎಲ್ಲ ಕಾಣುತ್ತದೆ. ಕಟಕಟೆ ದಾಟಿ ಬಂಡೆಯ ತುದಿಗೆ ಹೋಗುವ ಹುಡುಗರನ್ನು ತಡೆಯಿರಿ, ಪಾಚಿ ಕಾಲು ಹಿಡಿಯುವುದಿಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ಹೋಗುವವರು ಸುತ್ತಲಿನ ಕಾಡಿಗೆ ನುಗ್ಗಬಾರದು. ಮಂಗನ ಕಾಯಿಲೆ ಹರಡುವ ಉಣ್ಣೆಗಳ ಕಾಲ ಅದು. 2019ರಲ್ಲಿ ಇದೇ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಜನ ಅದರಿಂದ ಸತ್ತರು.

ಮಂಜು ಸರಿದ ಮೇಲೆ

ನಾವು ಮುಟ್ಟಿದಾಗ ಜೋಗ ಕಾಣಲೇ ಇಲ್ಲ. ಸದ್ದು ಮಾತ್ರ ಕೇಳುತ್ತಿತ್ತು, ಎದುರಿಗೆ ಬಿಳಿ ಮಂಜು. ನಮ್ಮ ಜೊತೆ ಬಂದಿಳಿದವರಲ್ಲಿ ಕೆಲವರು ಹತ್ತು ನಿಮಿಷ ನಿಂತು, ಮುಂದಿನ ಊರು ನೋಡಬೇಕೆಂದು ಹೊರಟೇಬಿಟ್ಟರು. ನಾವು ಅರ್ಧ ತಾಸು, ಒಂದು ತಾಸು, ಒಂದೂವರೆ ತಾಸು ಕಾದೆವು. ರೊಟ್ಟಿ ತಿಂದೆವು. ಅವ್ವ ಏನೂ ಅನ್ನಲಿಲ್ಲ. ಹಳೆಯ ಮಾತನ್ನು ಮತ್ತೆ ಆಡುತ್ತಾಳೋ ಏನೋ ಎಂದು ನಾನೇ ಅವಳ ಮುಖ ನೋಡುತ್ತಿದ್ದೆ.

ಗಾಳಿ ತಿರುಗಿತು. ಪರದೆ ಎತ್ತಿದ ಹಾಗೆ ಮಂಜು ಸರಿದು ಮೊದಲು ರಾಣಿ, ಆಮೇಲೆ ಉಳಿದ ಮೂರೂ ಕಂಡವು. ಅವ್ವ ಎದ್ದು ನಿಂತು ಕೈಮುಗಿದಳು. ಬಹಳ ಹೊತ್ತು ನೋಡಿದ ಮೇಲೆ ಅವಳು ಕೇಳಿದ ಪ್ರಶ್ನೆ ಇದು: "ಆವಾಗ ಬ್ಯಾಸಗ್ಯಾಗ ಬಂದಾಗ ಈ ನೀರೆಲ್ಲ ಎಲ್ಲಿಗೆ ಹೋಗಿತ್ತು?" ತಂತಿಯಲ್ಲಿ ಊರೂರಿಗೆ ಹೋಗಿತ್ತು, ನಮ್ಮ ಬಾವಿಯ ಮೋಟಾರಿಗೂ ಬಂದಿತ್ತು ಎಂದು ಹೇಳಿದೆ. ಅವಳಿಗೆ ಅದು ಅಷ್ಟಾಗಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಪಕ್ಕದಲ್ಲಿ ಕುಳಿತಿದ್ದ ವಯಸ್ಸಾದವರೊಬ್ಬರು ನಮ್ಮ ಮಾತು ಕೇಳಿ ಈ ಕಡೆ ತಿರುಗಿದರು. ಅವರ ಹಿರಿಯರ ಊರು ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿದೆಯಂತೆ. ಗದ್ದೆ, ಅಡಿಕೆ ತೋಟ, ದೇವಸ್ಥಾನ ಎಲ್ಲ ಹೋಯಿತು, ಅವರಾಗ ಚಿಕ್ಕ ಹುಡುಗ. ಹೀಗೆ ಎದ್ದವರು ಸಾವಿರಾರು ಜನ. ಹಲವರನ್ನು ಶಿವಮೊಗ್ಗ ಜಿಲ್ಲೆಯಲ್ಲೇ ಕಾಡು ಕಡಿದ ಜಾಗಗಳಲ್ಲಿ ನೆಲೆಗೊಳಿಸಲಾಯಿತು. ಆ ಜಮೀನುಗಳ ಹಕ್ಕಿನ ತಕರಾರು ಅರವತ್ತು ವರ್ಷ ದಾಟಿದರೂ ಬಗೆಹರಿದಿಲ್ಲ. ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯವರದು ಇನ್ನೊಂದು ಕಥೆ. ಸಾಗರದ ಪೇಟೆಗೆ, ಆಸ್ಪತ್ರೆಗೆ ಬರಲು ಅವರು ಲಾಂಚ್ ಕಾಯಬೇಕಾಗಿತ್ತು, ಸಂಜೆ ಲಾಂಚ್ ನಿಂತ ಮೇಲೆ ಕಾಯಿಲೆಯವರ ಪಾಡು ದೇವರಿಗೇ ಪ್ರೀತಿ. ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆದದ್ದು 2025ರ ಜುಲೈ 14ರಂದು. ಸಿಗಂದೂರಿಗೆ ಹರಕೆ ಇರುವವರು ಜೋಗದ ಜೊತೆಗೆ ಅದನ್ನೂ ಈಗ ಎರಡನೆಯ ದಿನಕ್ಕೆ ಇಟ್ಟುಕೊಳ್ಳಬಹುದು. ಸೇತುವೆಯ ಮೇಲಿನಿಂದ ಎರಡೂ ಕಡೆ ಕಾಣುವ ನೀರಿನ ಅಡಿಯಲ್ಲಿರುವುದು ರೈತರ ಊರುಗಳು.

ಅವ್ವ ಆ ಹಿರಿಯರಿಗೆ ನಮ್ಮ ಬುತ್ತಿಯಿಂದ ಎರಡು ರೊಟ್ಟಿ ಕೊಟ್ಟಳು. ಅವರು ಚೀಲದಿಂದ ಅಡಿಕೆ ತೆಗೆದು ಕೊಟ್ಟರು. ಇಬ್ಬರೂ ಜಲಪಾತದ ಕಡೆ ಮುಖ ಮಾಡಿ ಎಲೆ ಹಾಕಿಕೊಂಡರು. ಹೊತ್ತು ಏರಿದಂತೆ ಮಂಜು ಮತ್ತೆ ಕವಿಯಿತು, ಆದರೂ ಅವ್ವ ಅಲ್ಲಿಂದ ಏಳಲು ಒಪ್ಪಲಿಲ್ಲ. ಮಧ್ಯಾಹ್ನದ ಸಿದ್ದಾಪುರ ಬಸ್ಸು ತಪ್ಪಿತು.

ಮುಂದಿನ ಬಸ್ಸು ಹಿಡಿದು ಊರು ಮುಟ್ಟುವಾಗ ರಾತ್ರಿ ಒಂಬತ್ತು ದಾಟಿತ್ತು. ಕಾಕಾ ಕೊಟ್ಟಿಗೆಯಲ್ಲೇ ಕಾಯುತ್ತಿದ್ದರು. ಎಮ್ಮೆ ಎರಡು ದಿನದಲ್ಲಿ ಒಂದೂವರೆ ಲೀಟರು ಹಾಲು ಕಡಿಮೆ ಕೊಟ್ಟಿತ್ತು. ನಾನು ಡೇರಿ ಪುಸ್ತಕ ತೆಗೆದು ಲೆಕ್ಕ ನೋಡುತ್ತಿದ್ದರೆ, ಅವ್ವ ಒಳಗಿನಿಂದ, "ಇರಲಿ ಬಿಡು, ಹೊತ್ತಾತು, ಕೈಕಾಲು ತೊಳ್ಕೊ" ಎಂದಳು.