ಬಾಂದ್ರಾ ಕೋಟೆಯ ಮೇಲೊಂದು ಸಂಜೆ

ಕರಾವಳಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗನಿಗೆ ಊರೂ ಈ ಮಹಾನಗರಿಯೂ ಒಂದೇ ಸಮುದ್ರದ ಎರಡು ದಡಗಳಂತೆ. ಅಲ್ಲಿ ಸೂರ್ಯ ಮುಳುಗುವುದು ಅರಬೀ ಸಮುದ್ರದಲ್ಲಿ, ಇಲ್ಲಿಯೂ ಅದರಲ್ಲಿಯೇ. ಮದರಾಸಿನ ಕಡಲತೀರದಲ್ಲಿ ನಿಂತ ನಮ್ಮ ಬಂಧುಗಳಿಗೆ ಸೂರ್ಯೋದಯವಷ್ಟೇ ಲಭ್ಯ. ಹೈದರಾಬಾದು, ದಿಲ್ಲಿಗಳವರಿಗೆ ಎರಡೂ ಇಲ್ಲ. ನಮಗೆ ಪುಕ್ಕಟೆಯಾಗಿ ದೊರೆತಿರುವ ಈ ಸೌಭಾಗ್ಯವನ್ನು ನಾವು ಎಷ್ಟು ಮಂದಿ ಅನುಭವಿಸಿದ್ದೇವೆ? ಸೂರ್ಯ ಇಳಿಯುವ ಹೊತ್ತಿಗೆ ನಾವು ಚರ್ಚ್‌ಗೇಟಿನಿಂದ ಹೊರಟ ಲೋಕಲ್ ಗಾಡಿಯಲ್ಲಿ ಒಂದೇ ಕಾಲಿನ ಮೇಲೆ ನಿಂತಿರುತ್ತೇವೆ. ಮೂವತ್ತು ವರ್ಷ ಹಾಗೆ ನಿಂತ ಮೇಲೆ ನಿವೃತ್ತರಾಗಿ, ಎದುರು ಕಟ್ಟಡದ ಗೋಡೆಯನ್ನು ನೋಡುವ ಕಿಟಕಿಯ ಬಳಿ ಕುಳಿತುಕೊಳ್ಳುತ್ತೇವೆ.

ನನ್ನ ಸೋದರಮಾವನ ಕಿಟಕಿಯೂ ಅಂಥದೇ. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಮಾಟುಂಗದ ಹೋಟೆಲುಗಳಲ್ಲಿ ನಾಲ್ಕು ದಶಕ ದುಡಿದು, ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರೆಗೆ ಏರಿದವರು ಅವರು. ಎರಡು ವರ್ಷಗಳ ಹಿಂದೆ ಅವರು ಒಂದೊಂದನ್ನೇ ಬಿಡತೊಡಗಿದರು. ಮೊದಲು ಪತ್ರಿಕೆ ಓದುವುದನ್ನು ಬಿಟ್ಟರು. ಬಳಿಕ ಸಂಘದ ಯಕ್ಷಗಾನಕ್ಕೆ ಬರುವುದನ್ನು. ಕೊನೆಗೆ ಕೆಳಗಿಳಿದು ತರಕಾರಿ ತರುವುದನ್ನೂ. 'ವಯಸ್ಸಾಯಿತು, ಮನಸ್ಸು ಕುಗ್ಗಿದೆ' ಎಂದು ಮನೆಯವರು ತಿಳಿದರು. ನಾನೂ ಹಾಗೆಯೇ ತಿಳಿದೆ. ಗಾಳಿ ಬದಲಾದರೆ ಉತ್ಸಾಹ ಬಂದೀತೆಂದು, ಮಳೆಗಾಲ ಮುಗಿದ ಅಕ್ಟೋಬರ್ ತಿಂಗಳ ಒಂದು ಮಂಗಳವಾರ ಅವರನ್ನು ಬಾಂದ್ರಾ ಕೋಟೆಗೆ ಕರೆದುಕೊಂಡು ಹೋದೆ.

ಮಂಗಳವಾರ ಎಂದು ಬೇಕೆಂದೇ ಹೇಳಿದೆ. ಶನಿವಾರ, ಭಾನುವಾರಗಳಲ್ಲಿ ಆ ಸ್ಥಳಕ್ಕೆ ಹೋದರೆ ಸಮುದ್ರಕ್ಕಿಂತ ಹೆಚ್ಚಾಗಿ ಜನಸಮುದ್ರವನ್ನೇ ನೋಡಿ ಬರಬೇಕಾದೀತು. ವಾರದ ನಡುವೆ ಅಲ್ಲಿನ ಪಶ್ಚಿಮದ ಬದಿಯಲ್ಲಿ ಈಗಲೂ ಒಂದಿಷ್ಟು ನಿಶ್ಶಬ್ದ ಸಿಗುತ್ತದೆ.

ಕೋಟೆಯ ವೃತ್ತಾಂತ ದೊಡ್ಡದಲ್ಲ. 1640ರಲ್ಲಿ ಪೋರ್ಚುಗೀಸರು ಇದನ್ನು ಕಾವಲುಗೋಪುರವಾಗಿ ಕಟ್ಟಿಸಿದರು. ಮಾಹಿಮ್ ಕೊಲ್ಲಿಯೂ ಹೊರಸಮುದ್ರವೂ ಒಟ್ಟಿಗೆ ಕಣ್ಣಳತೆಗೆ ಬರುವ ಜಾಗವಿದು. 'ಕಾಸ್ಟೆಲಾ ಡಿ ಆಗ್ವಾಡಾ' ಎಂದು ಅದರ ಹೆಸರು. 'ಆಗ್ವಾಡಾ' ಎಂದರೆ ಹಡಗಿನವರು ಸಿಹಿನೀರು ತುಂಬಿಕೊಳ್ಳುವ ತಾಣ. ಮರಾಠರ ದಂಡು ಸಾಷ್ಟಿ ದ್ವೀಪವನ್ನು ಗೆದ್ದಾಗ, ಅದು ಮುಂಬಯಿಗೂ ನುಗ್ಗೀತೆಂಬ ಅಂಜಿಕೆಯಿಂದ ಆಂಗ್ಲರು ಕೋಟೆಯ ಭಾಗಗಳನ್ನು ಕೆಡವಿಬಿಟ್ಟರು. ಈಗ ಉಳಿದಿರುವುದು ದ್ವಾರ, ಕೆಲವು ಗೋಡೆಗಳು, ಮರಗಳ ನೆರಳು, ಮೆಟ್ಟಿಲುಗಳು. ದಕ್ಷಿಣಕ್ಕೆ ತಿರುಗಿದರೆ 2009ರಲ್ಲಿ ಸಂಚಾರಕ್ಕೆ ತೆರೆದ ಬಾಂದ್ರಾ–ವರ್ಲಿ ಸಮುದ್ರಸೇತುವೆ ತನ್ನ ತಂತಿಗಳನ್ನು ವೀಣೆಯಂತೆ ಬಿಗಿದುಕೊಂಡು ನಿಂತಿದೆ. ಪಶ್ಚಿಮಕ್ಕೆ ತಿರುಗಿದರೆ ಕಪ್ಪು ಬಂಡೆಗಳು, ಅವುಗಳಾಚೆ ಬರಿಯ ನೀರು.

ಕೋಟೆಯ ಎತ್ತರದ ಭಾಗ ಸಮುದ್ರಮಟ್ಟದಿಂದ ಸುಮಾರು 24 ಮೀಟರ್. ಇದೇನು ಮಹಾ ಎತ್ತರ ಎನ್ನಬೇಡಿ. ಮರಳಿನ ಮೇಲೆ ನಿಂತವನಿಗೆ ಕ್ಷಿತಿಜವು ಐದು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿದ್ದರೆ, ಇಲ್ಲಿ ನಿಂತವನಿಗೆ ಅದು ಹದಿನೇಳು ಕಿಲೋಮೀಟರಿನಾಚೆ ಸರಿಯುತ್ತದೆ. ಕಣ್ಣಿಗೆ ಇದೊಂದು ವಿಶ್ರಾಂತಿಯೇ. ಹತ್ತಿರದ ಅಕ್ಷರವನ್ನೋ ಫೋನಿನ ತೆರೆಯನ್ನೋ ನೋಡುವಾಗ ಕಣ್ಣಿನೊಳಗಿನ ಸಣ್ಣ ಸ್ನಾಯುವೊಂದು ಸದಾ ಬಿಗಿದುಕೊಂಡಿರಬೇಕಾಗುತ್ತದೆ. ದೂರ ನೋಡುವಾಗ ಅದು ಸಡಿಲಗೊಳ್ಳುತ್ತದೆ. ಎಳೆಯರಿಗಂತೂ ಬಯಲಿನ ಬೆಳಕು ಔಷಧವಿದ್ದಂತೆ. ಚೀನದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಮಕ್ಕಳನ್ನು ದಿನವೂ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ಮೂರು ವರ್ಷ ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ಹಾಗೆ ಬಿಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಸಮೀಪದೃಷ್ಟಿ ಬಂದರೆ, ಉಳಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಬಂದಿತ್ತು. ಟ್ಯೂಷನ್ನಿಗೆ ಅಟ್ಟುವ ತಂದೆತಾಯಿಗಳು ಇದನ್ನು ಒಮ್ಮೆ ಯೋಚಿಸಬೇಕು.

ಆ ದಿನ ಸೂರ್ಯಾಸ್ತ ಆರೂಕಾಲರ ಸುಮಾರಿಗೆ. ಮಾವನನ್ನು ಕಲ್ಲಿನ ಮೇಲೆ ಕೂರಿಸಿ ನಾನು ಪಕ್ಕದಲ್ಲಿ ಕುಳಿತೆ. ಬಿಂಬವು ಕೆಂಪಗಾಗುತ್ತ ಇಳಿಯತೊಡಗಿತು. ಇಳಿಹೊತ್ತಿನ ಕಿರಣಗಳು ವಾಯುಮಂಡಲದಲ್ಲಿ ಬಲು ದೂರ ಹಾದು ಬರುವುದರಿಂದ ನೀಲಿಯೆಲ್ಲ ದಾರಿಯಲ್ಲೇ ಚೆದರಿ, ಕೆಂಪು ಮಾತ್ರ ನಮ್ಮನ್ನು ತಲುಪುತ್ತದೆಯೆಂದು ಶಾಲೆಯಲ್ಲಿ ಓದಿದ್ದೇವೆ. ಅದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಗಾಳಿಯು ಬೆಳಕನ್ನು ಬಾಗಿಸುವುದರಿಂದ, ಬಿಂಬದ ಕೆಳಅಂಚು ನೀರನ್ನು ಮುಟ್ಟಿದಂತೆ ನಮಗೆ ತೋರುವ ಕ್ಷಣದಲ್ಲಿ ನಿಜವಾದ ಸೂರ್ಯ ಆಗಲೇ ಪೂರ್ತಿಯಾಗಿ ಕ್ಷಿತಿಜದ ಕೆಳಗಿರುತ್ತಾನೆ! ಅಲ್ಲಿಂದ ಮುಂದೆ ಮುಂಬಯಿಯಲ್ಲಿ ಬಿಂಬ ಕಣ್ಮರೆಯಾಗಲು ಎರಡೂಕಾಲು ನಿಮಿಷ ಸಾಕು. ನಾವು ನೋಡುವುದು ಹೋದವನ ನೆರಳನ್ನು, ಎಂದು ನಾನು ವಿವರಿಸುತ್ತಿದ್ದೆ.

ಮಾವ ಕೈಯನ್ನು ಹಣೆಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ, ಮತ್ತೊಂದು ಕಣ್ಣು ಮುಚ್ಚಿ, 'ಎಂತಾ ಮಾರಾಯ, ಸೂರ್ಯ ಒಂದಾ ಎರಡಾ?' ಎಂದರು.

ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ. ಬಿಂಬ ಮುಳುಗಿ ಐದು ನಿಮಿಷವಾದ ಮೇಲೂ 'ಹೋಯಿತಾ?' ಎಂದು ಕೇಳಿದರು. ಹಿಂದಿರುಗುವಾಗ ಮಬ್ಬುಬೆಳಕಿನಲ್ಲಿ ಅವರ ಪಾದ ಮೆಟ್ಟಿಲಿನ ಅಂಚನ್ನು ತಪ್ಪಿತು. ನನ್ನ ರಟ್ಟೆಯನ್ನು ಹಿಡಿದದ್ದರಿಂದ ಬೀಳದೆ ಉಳಿದರು. ಆ ಹಿಡಿತದ ಬಿಗಿಯಲ್ಲಿ ನನಗೆ ಎಲ್ಲವೂ ತಿಳಿಯಿತು. ಮನಸ್ಸು ಕುಗ್ಗಿದ್ದಲ್ಲ, ಕಣ್ಣು ಕುಗ್ಗಿತ್ತು. ಪತ್ರಿಕೆ, ಯಕ್ಷಗಾನ, ತರಕಾರಿ, ಒಂದೊಂದೂ ಏಕೆ ಬಿಟ್ಟುಹೋಯಿತೆಂಬುದು ಆಗ ಸ್ಪಷ್ಟವಾಯಿತು. ಎರಡು ವರ್ಷ ಒಂದೇ ಊರಿನಲ್ಲಿದ್ದೂ ನಾವಾರೂ ಇದನ್ನು ಗಮನಿಸಲಿಲ್ಲವೆಂಬುದು ನಾಚಿಕೆಯ ಮಾತು.

ಎರಡು ಕಣ್ಣುಗಳಲ್ಲಿಯೂ ಪೊರೆ. ಮುಂಬಯಿಯ ಬಾಯಲ್ಲಿ ಮೋತಿಬಿಂದು. ಕಣ್ಣಿನ ಸ್ವಚ್ಛವಾದ ಮಸೂರವು ವಯಸ್ಸಿನೊಂದಿಗೆ ಮಂಜಾಗಿ ಹಳದಿಗಟ್ಟುತ್ತದೆ. ಎದುರಿನಿಂದ ಬರುವ ಬೆಳಕು ಅದರಲ್ಲಿ ಚೆದರಿ ಕಣ್ಣು ಕೋರೈಸುತ್ತದೆ. ಒಂದೇ ಕಣ್ಣಿಗೆ ಒಂದು ದೀಪ ಎರಡಾಗಿ ಕಾಣುವುದೂ ಉಂಟು. ರಾತ್ರಿ ಮೋಟಾರುಗಳ ದೀಪದ ಸುತ್ತ ವರ್ತುಲ ಕಾಣುವುದು, ಕನ್ನಡಕದ ನಂಬರು ಮೇಲಿಂದ ಮೇಲೆ ಬದಲಾಗುವುದು, ಮಬ್ಬಿನಲ್ಲಿ ಮೆಟ್ಟಿಲು ಕಾಣದಿರುವುದು ಇದರ ಲಕ್ಷಣಗಳು. ನೋವಿಲ್ಲದ್ದರಿಂದ ಮನುಷ್ಯ ಹೇಳಿಕೊಳ್ಳದೆ ಇದ್ದುಬಿಡುತ್ತಾನೆ. ಪೊರೆಯನ್ನು ಕರಗಿಸುವ ಹನಿಮದ್ದಾಗಲಿ ಕಣ್ಣಿನ ವ್ಯಾಯಾಮವಾಗಲಿ ಇಲ್ಲ; ಅದನ್ನು ತೆಗೆದು ಕೃತಕ ಮಸೂರ ಇಡುವುದೊಂದೇ ದಾರಿ.

ಮಾವ ಹೇಳಿಕೊಳ್ಳದಿದ್ದುದಕ್ಕೆ ಬೇರೆಯೇ ಕಾರಣವಿತ್ತು. ಅವರ ತಾಯಿಗೆ ಹಿಂದೆ ಈ ಶಸ್ತ್ರಕ್ರಿಯೆ ಆಗಿತ್ತು. ಅಂದಿನ ಪದ್ಧತಿಯಂತೆ ತಲೆ ಅಲುಗಾಡದಂತೆ ಎರಡೂ ಬದಿಗೆ ಮರಳಿನ ಚೀಲವಿಟ್ಟು ದಿನಗಟ್ಟಲೆ ಮಲಗಿಸಿದ್ದರು. ಬಳಿಕ ಸೀಸೆಯ ತಳದಂತಹ ದಪ್ಪ ಕನ್ನಡಕ. ಆ ದೃಶ್ಯ ಹುಡುಗನ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಇದರೊಂದಿಗೆ ಮಗನಿಗೆ ಖರ್ಚು, ಸೊಸೆಗೆ ಶ್ರಮ ಎಂಬ ಸಂಕೋಚ. ಈಗ ಕಣ್ಣಿಗೆ ಹನಿಮದ್ದು ಹಾಕಿ ಮರಗಟ್ಟಿಸಿ, ಸಣ್ಣ ರಂಧ್ರದಿಂದ ಕೆಲಸ ಮುಗಿಸಿ, ಸಾಮಾನ್ಯವಾಗಿ ಅಂದೇ ಮನೆಗೆ ಕಳುಹಿಸುತ್ತಾರೆಂದು ನಂಬಿಸಲು ನಮಗೆ ಎರಡು ವಾರ ಹಿಡಿಯಿತು. ಸಕ್ಕರೆಯ ಅಂಶ ಏರಿತ್ತಾದ್ದರಿಂದ ವೈದ್ಯರು ಮೊದಲು ಅದನ್ನು ಇಳಿಸಿದರು. ಕಣ್ಣಿನ ಒತ್ತಡವನ್ನೂ ಪರೀಕ್ಷಿಸಿದರು. ಗ್ಲಾಕೋಮಾ ಎಂಬ ಇನ್ನೊಂದು ಕಳ್ಳರೋಗವಿದೆ, ಅದರಿಂದ ಹೋದ ದೃಷ್ಟಿ ಮರಳುವುದಿಲ್ಲ. ನಲವತ್ತು ದಾಟಿದವರು ಕನ್ನಡಕದ ಅಂಗಡಿಯಲ್ಲೇ ತೃಪ್ತರಾಗದೆ ಕಣ್ಣಿನ ವೈದ್ಯರಲ್ಲಿಗೇ ಹೋಗಬೇಕೆನ್ನುವುದು ಇದಕ್ಕಾಗಿಯೇ.

ಇಲ್ಲಿ ಒಂದು ಎಚ್ಚರಿಕೆ. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ಚುರುಕಾಗುತ್ತದೆಂದು ಉಪದೇಶಿಸುವ ಹಿತೈಷಿಗಳು ನಮ್ಮ ಸಂಘದಲ್ಲಿಯೂ ಇದ್ದಾರೆ. ಅವರ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಕೇಳಬೇಡಿ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ; ಅದು ಸುಟ್ಟಾಗಲೂ ನಮಗೆ ತಿಳಿಯುವುದಿಲ್ಲ. ಇಳಿಹೊತ್ತಿನಲ್ಲಿ ಕೂಡ ಆಕಾಶವನ್ನು, ನೀರನ್ನು, ಮೋಡದ ಅಂಚನ್ನು ನೋಡಿ. ಬಿಂಬ ಪೂರ್ತಿ ಮಂಕಾಗಿ ಕೆಂಪಾದ ಮೇಲೆ ಅತ್ತ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ದುರ್ಬೀನಿನಿಂದ ಮಾತ್ರ ಎಂದಿಗೂ ನೋಡಕೂಡದು.

ಡಿಸೆಂಬರಿನಲ್ಲಿ, ಬಲಗಣ್ಣಿನ ಶಸ್ತ್ರಕ್ರಿಯೆಯಾಗಿ ಒಂದು ತಿಂಗಳು ಕಳೆದ ಮೇಲೆ, ವೈದ್ಯರ ಅಪ್ಪಣೆ ಪಡೆದು ಮತ್ತೆ ಕೋಟೆಗೆ ಹೋದೆವು. ಈ ಬಾರಿ ಹೋಗೋಣವೆಂದವರು ಮಾವನೇ. ಆ ತಿಂಗಳಲ್ಲಿ ಸೂರ್ಯ ಆರು ಗಂಟೆಯ ಹೊತ್ತಿಗೇ ಇಳಿಯುತ್ತಾನೆ, ಅದೂ ಅಕ್ಟೋಬರಿಗಿಂತ ಎಡಕ್ಕೆ, ದಕ್ಷಿಣದತ್ತ ಸರಿದು. ಮಾವ ಸೇತುವೆಯ ತಂತಿಗಳನ್ನು ಎಣಿಸಹೊರಟು ಅರ್ಧಕ್ಕೆ ಲೆಕ್ಕ ತಪ್ಪಿದರು. ದೂರದಲ್ಲಿ ಮೀನುಗಾರರ ದೋಣಿಯೊಂದನ್ನು ನನಗಿಂತ ಮೊದಲು ಕಂಡರು. ಆಮೇಲೆ ಎಡಗಣ್ಣು ಮುಚ್ಚಿ ಸಮುದ್ರವನ್ನು ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು, ಮತ್ತೆ ಎಡಗಣ್ಣು ಮುಚ್ಚಿದರು. ಹಳದಿಗಟ್ಟಿದ ಮಸೂರ ನೀಲಿಯನ್ನು ತಡೆಯುತ್ತದೆ. ಹೊಸ ಮಸೂರ ಅದನ್ನು ಮರಳಿ ಬಿಡುತ್ತದೆ. ಈ ವ್ಯತ್ಯಾಸ ಒಂದು ಕಣ್ಣಿಗೆ ಮಾತ್ರ ಚಿಕಿತ್ಸೆಯಾದವರಿಗೆ ಎದ್ದು ತೋರುತ್ತದೆಯೆಂದು ವೈದ್ಯರು ಹೇಳಿದ್ದರು.

'ಏನು ಮಾವ?' ಎಂದೆ.

'ಈ ಕಣ್ಣಿಗೆ ಹಾಲು, ಆ ಕಣ್ಣಿಗೆ ಚಾ' ಎಂದರು ಹೋಟೆಲಿನ ಮನುಷ್ಯ. ಕತ್ತಲಾಗುವ ಮೊದಲೇ ಎದ್ದು, ಎಡಗಣ್ಣಿಗೆ ಯಾವ ದಿನ ಗೊತ್ತಾಗಿದೆಯೆಂದು ಕೇಳುತ್ತ, ಮೆಟ್ಟಿಲುಗಳನ್ನು ನನಗಿಂತ ಮುಂದಾಗಿ ಇಳಿದರು.