ಬಿದ್ದದ್ದು ಕೈಗಡಿಯಾರಕ್ಕೆ ಹೇಗೆ ತಿಳಿಯುತ್ತದೆ?

ಸಯನ್ ಸ್ಟೇಶನ್‌ನಲ್ಲಿ ಸ್ಲೋ ಲೋಕಲ್ ಹತ್ತಿದಾಗ ತಲೆಯ ಮೇಲೆ ತೂಗುವ ಹಿಡಿಕೆಗಳನ್ನು ಗಮನಿಸಿ. ರೈಲು ಹೊರಟಾಗ ಅವು ಹಿಂದಕ್ಕೆ ವಾಲುತ್ತವೆ. ಬ್ರೇಕ್ ಹಾಕಿದಾಗ ಮುಂದಕ್ಕೆ ವಾಲುತ್ತವೆ. ರೈಲು ಒಂದೇ ವೇಗದಲ್ಲಿ ನೇರವಾಗಿ ಓಡುವಾಗ, ಆ ವೇಗ ಎಷ್ಟೇ ಇದ್ದರೂ, ಹಿಡಿಕೆಗಳು ನೆಟ್ಟಗೆ ತೂಗುತ್ತವೆ. ಅವು ತೋರಿಸುವುದು ವೇಗವನ್ನಲ್ಲ, ವೇಗದಲ್ಲಾದ ಬದಲಾವಣೆಯನ್ನು. ಬಿದ್ದರೆ ಮನೆಯವರಿಗೆ ತಿಳಿಸುವ ಸ್ಮಾರ್ಟ್‌ವಾಚ್ ಒಳಗೂ ಇಂಥದೇ ವ್ಯವಸ್ಥೆ ಇದೆ.

ಒಳಗೆ ಏನಿದೆ?

ಇದರ ಹೆಸರು ಆಕ್ಸೆಲೆರೋಮೀಟರ್. ಕೆಲವೇ ಮಿಲಿಮೀಟರ್ ಅಗಲದ ಚಿಪ್‌ನಲ್ಲಿ ಸಿಲಿಕಾನ್‌ನ ಪುಟ್ಟ ತುಣುಕೊಂದು ಸೂಕ್ಷ್ಮ ಸ್ಪ್ರಿಂಗ್‌ಗಳ ಆಧಾರದಲ್ಲಿ ತೂಗುತ್ತಿರುತ್ತದೆ. ಅದರ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿವೆ. ಆ ಹಲ್ಲುಗಳ ನಡುವೆ ಅಲುಗಾಡದ ಇನ್ನೊಂದು ಸಾಲಿನ ಹಲ್ಲುಗಳಿವೆ. ಇವೆರಡರ ನಡುವಿನ ಸಂದು ಕೂದಲೆಳೆಗಿಂತ ಹತ್ತಾರು ಪಟ್ಟು ಕಿರಿದು. ಕೈ ಸರಕ್ಕನೆ ಚಲಿಸಿದರೆ ತುಣುಕು ಹಿಂದುಳಿದು ಸಂದು ಬದಲಾಗುತ್ತದೆ. ಅದರಿಂದ ವಿದ್ಯುತ್ ಸಂಕೇತವೂ ಬದಲಾಗುತ್ತದೆ. ಅಪಘಾತದಲ್ಲಿ ಕಾರಿನ ಏರ್‌ಬ್ಯಾಗ್ ಬಿಚ್ಚಿಸುವುದೂ ಇಂಥ ಸೆನ್ಸರ್‌ಗಳೇ.

ಬೀಳುವಾಗ ಏನಾಗುತ್ತದೆ?

ಸುಮ್ಮನೆ ಕುಳಿತಿರುವಾಗ ಭೂಮಿಯ ಸೆಳೆತದಿಂದ ತುಣುಕು ತುಸು ಜಗ್ಗಿರುತ್ತದೆ. ಬೀಳುವ ಕ್ಷಣದಲ್ಲಿ ತುಣುಕು, ಚಿಪ್ ಎರಡೂ ಒಟ್ಟಿಗೆ ಕೆಳಗಿಳಿಯುವುದರಿಂದ ಅಳತೆ ಸೊನ್ನೆಯತ್ತ ಇಳಿಯುತ್ತದೆ. ನೆಲಕ್ಕೆ ಬಡಿದಾಗ ಒಮ್ಮೆಲೇ ಹಲವು ಪಟ್ಟು ಏರುತ್ತದೆ. ಆಮೇಲೆ ಅಲುಗಾಟ ನಿಲ್ಲುತ್ತದೆ. ಈ ಕ್ರಮ ಕಂಡರೆ ವಾಚ್ ಎಚ್ಚರಿಸುತ್ತದೆ. 2018ರಲ್ಲಿ ಈ ಸೌಲಭ್ಯ ತಂದ ಆ್ಯಪಲ್ ವಾಚ್, ಧರಿಸಿದವರು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ತಾನೇ ತುರ್ತು ಕರೆ ಮಾಡುತ್ತದೆ.

ಯಾವಾಗ ತಿಳಿಯುವುದಿಲ್ಲ?

ಮಂಚದಿಂದ ಮೆಲ್ಲಗೆ ಜಾರಿದರೆ, ಗೋಡೆ ಹಿಡಿದು ಕುಸಿದು ಕುಳಿತರೆ ಬಲವಾದ ಬಡಿತವಿರುವುದಿಲ್ಲ. ಆಗ ವಾಚ್ ಸುಮ್ಮನಿರಬಹುದು. ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟ ವಾಚ್‌ನಿಂದಲೂ ಪ್ರಯೋಜನವಿಲ್ಲ. ಜಾರಿ ಬೀಳುವ ಭಯ ಹೆಚ್ಚಿರುವುದು ಬಚ್ಚಲುಮನೆಯಲ್ಲೇ. ನಿಮ್ಮ ವಾಚ್ ನೀರು ತಡೆಯುತ್ತದೆಯೇ, ಬಿದ್ದದ್ದನ್ನು ಗುರುತಿಸುವ ಸೆಟ್ಟಿಂಗ್ ಚಾಲೂ ಇದೆಯೇ, ಮನೆಯವರ ನಂಬರ್ ಸೇರಿಸಿದ್ದೀರಾ ಎಂದು ಇಂದೇ ನೋಡಿ.

ಏಕೆ ಬಿದ್ದರು?

ಇದನ್ನು ವಾಚ್ ಹೇಳಲಾರದು. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್ ತೊಂದರೆಗೆ ಕೊಡುವ ಟಾಮ್ಸುಲೋಸಿನ್‌ನಂಥ ಔಷಧಿಗಳಿಂದ ಥಟ್ಟನೆ ಎದ್ದು ನಿಂತಾಗ ಕೆಲವರ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರಬಹುದು. ನಿದ್ರೆ ಮಾತ್ರೆ, ಅಲರ್ಜಿಯ ಕೆಲವು ಮಾತ್ರೆಗಳು ಮಂಪರು ತರುತ್ತವೆ. ಹಾಗೆಂದು ತಾವಾಗಿ ಮಾತ್ರೆ ನಿಲ್ಲಿಸಬೇಡಿ. ಎಲ್ಲ ಔಷಧಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರಿಗೋ ಫಾರ್ಮಸಿಸ್ಟ್‌ಗೋ ತೋರಿಸಿ. ರಾತ್ರಿ ಏಳುವಾಗ ಮೊದಲು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಆಮೇಲೆ ನಿಲ್ಲಿ.

ನೆನಪಿಡಿ: ವಾರ್ಫರಿನ್, ಅಪಿಕ್ಸಬಾನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದರೆ, ನೋವಿಲ್ಲದಿದ್ದರೂ, ವಾಚ್ ಎಚ್ಚರಿಸದಿದ್ದರೂ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಮಿದುಳಿನೊಳಗಿನ ರಕ್ತಸ್ರಾವದ ಲಕ್ಷಣ ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ.