ಮುಚ್ಚಿದ ಕೋಳಿ ಮನೆಯಲ್ಲಿ ಫ್ಯಾನುಗಳ ಕೆಲಸ

ತೆರೆದ ಷೆಡ್ಡಿನಲ್ಲಿ ಕೋಳಿ ಸಾಕುವ ರೈತರಿಗೆ ಬೇಸಿಗೆಯ ಉಪಾಯಗಳು ಗೊತ್ತೇ ಇವೆ. ಪಕ್ಕದ ಜಾಲರಿಗೆ ಗೋಣಿಚೀಲ ಕಟ್ಟಿ ನೀರು ಚಿಮುಕಿಸುವುದು, ಮಾಡಿನ ಮೇಲೆ ತೆಂಗಿನ ಗರಿ ಹೊದಿಸುವುದು ಇತ್ಯಾದಿ. ಇತ್ತೀಚಿನ ವರ್ಷಗಳಲ್ಲಿ ಪಕ್ಕಗಳನ್ನು ಪೂರ್ತಿ ಮುಚ್ಚಿ, ಒಂದು ತುದಿಯಲ್ಲಿ ದೊಡ್ಡ ಫ್ಯಾನುಗಳನ್ನೂ ಇನ್ನೊಂದು ತುದಿಯಲ್ಲಿ ನೀರು ಇಳಿಯುವ ಕಾಗದದ ಪ್ಯಾಡುಗಳನ್ನೂ ಇಟ್ಟ ಮನೆಗಳು ನಮ್ಮಲ್ಲಿಯೂ ಏಳುತ್ತಿವೆ. ಇಂಥ ಮನೆಯಲ್ಲಿ ಹಕ್ಕಿಗಳ ಉಸಿರೇ ಫ್ಯಾನಿನ ಕೈಯಲ್ಲಿರುತ್ತದೆ. ಲಕ್ಷಾಂತರ ರೂಪಾಯಿ ಸಾಲ ಮಾಡಿ ಕಟ್ಟಿಸುವ ಮೊದಲು ಅದರ ಲೆಕ್ಕ ತಿಳಿದಿರುವುದು ಅವಶ್ಯ.

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಸೆಕೆಯಾದಾಗ ಬಾಯಿ ತೆರೆದು ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುತ್ತದೆ. 2 ಕಿಲೋ ತೂಕದ ಮಾಂಸದ ಕೋಳಿಯೊಂದು ಸುಮಾರು 10 ವ್ಯಾಟ್‌ನಷ್ಟು ಶಾಖವನ್ನು ಹೊರಬಿಡುತ್ತದೆ. ಇದು ಅಲ್ಪವೆನಿಸಬಹುದು. ಆದರೆ 15,000 ಕೋಳಿಗಳಿರುವ ಮನೆಯಲ್ಲಿ ಇದು 150 ಕಿಲೋವ್ಯಾಟ್, ಅಂದರೆ ಒಂದೊಂದು ಕಿಲೋವ್ಯಾಟಿನ 150 ವಿದ್ಯುತ್ ಒಲೆಗಳನ್ನು ಹಗಲಿರುಳು ಉರಿಸಿಟ್ಟಂತೆ! ಈ ಶಾಖವನ್ನೂ, ಹಿಕ್ಕೆಯಿಂದೇಳುವ ಅಮೋನಿಯಾ ಮತ್ತು ತೇವವನ್ನೂ ಗಾಳಿಯೇ ಹೊತ್ತೊಯ್ಯಬೇಕು.

ಎಷ್ಟು ಫ್ಯಾನು ಬೇಕು?

40 ಅಡಿ ಅಗಲ, 300 ಅಡಿ ಉದ್ದ, 8 ಅಡಿ ಎತ್ತರದ ಮನೆಯನ್ನು ತೆಗೆದುಕೊಳ್ಳೋಣ. ಬಲಿತ ಹಕ್ಕಿಗಳಿಗೆ ಬೇಸಿಗೆಯಲ್ಲಿ ಮೈಮೇಲೆ ನಿಮಿಷಕ್ಕೆ 500 ಅಡಿ ವೇಗದ ಗಾಳಿ ಹಾಯ್ದರೆ ಒಳ್ಳೆಯದು. ಮನೆಯ ಅಡ್ಡ ಕೊಯ್ತ 40 × 8 = 320 ಚದರ ಅಡಿ. ಇದನ್ನು 500ರಿಂದ ಗುಣಿಸಿದರೆ ನಿಮಿಷಕ್ಕೆ 1,60,000 ಘನ ಅಡಿ ಗಾಳಿ. ಒಂದೂವರೆ ಅಶ್ವಶಕ್ತಿಯ 50 ಅಂಗುಲದ ಒಳ್ಳೆಯ ಫ್ಯಾನು ನಿಮಿಷಕ್ಕೆ ಸುಮಾರು 20,000 ಘನ ಅಡಿ ಎಳೆಯುವುದರಿಂದ 8 ಫ್ಯಾನುಗಳು ಬೇಕು. ಆಗ ಮನೆಯ ಗಾಳಿಯೆಲ್ಲ ಒಂದು ನಿಮಿಷದೊಳಗೆ ಬದಲಾಗುತ್ತದೆ. ಕೊಳ್ಳುವಾಗ ಬರಿಯ ಅಂಗುಲ ಕೇಳಿದರೆ ಸಾಲದು. ನೀರಿನ ಕಾಲಂನ 0.1 ಅಂಗುಲ ಒತ್ತಡದಲ್ಲಿ ಎಷ್ಟು ಗಾಳಿ ಎಳೆಯುತ್ತದೆಂದು ಕೇಳಿ ಬರೆಸಿಕೊಳ್ಳಿರಿ. ಪ್ಯಾಡಿನ ಅಡ್ಡಿ ಇಲ್ಲದೆ ಅಳೆದ ಸಂಖ್ಯೆ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ.

ಪ್ಯಾಡಿನ ಬಗ್ಗೆ ಒಂದು ಮಾತು. ಅದು ಎಷ್ಟು ತಂಪು ಕೊಡುತ್ತದೆಂಬುದನ್ನು ನಿರ್ಧರಿಸುವುದು ಹೊರಗಿನ ಗಾಳಿ. ಬಳ್ಳಾರಿ, ರಾಯಚೂರಿನ ಕಡೆ ಒಣ ಮಧ್ಯಾಹ್ನದಲ್ಲಿ ಉಷ್ಣಮಾಪಕ 38 ಡಿಗ್ರಿ, ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ 23 ಡಿಗ್ರಿ ತೋರಿದರೆ ನಡುವೆ 15 ಡಿಗ್ರಿ ಅಂತರವಿದೆ. ಒಳ್ಳೆಯ ಪ್ಯಾಡು ಈ ಅಂತರದ ಮುಕ್ಕಾಲು ಪಾಲನ್ನು ಇಳಿಸುತ್ತದೆ. ಒಳಗೆ ಬರುವ ಗಾಳಿ ಸುಮಾರು 27 ಡಿಗ್ರಿ ಇರುತ್ತದೆ. ಕರಾವಳಿಯಲ್ಲಿ 33 ಮತ್ತು 29 ಎಂದಿದ್ದರೆ ಇಳಿಯುವುದು 3 ಡಿಗ್ರಿ ಮಾತ್ರ. ಅಲ್ಲಿ ಪ್ಯಾಡಿಗೆ ಸುರಿಯುವ ಹಣವನ್ನು ಗಾಳಿಯ ವೇಗಕ್ಕೆ ಹಾಕುವುದು ಮೇಲು.

ಗಾಳಿಯನ್ನು ಹೆಚ್ಚು ಕಡಿಮೆ ಮಾಡುವುದು

ಎಂಟು ಫ್ಯಾನೂ ಬೇಕಾಗುವುದು ಬೇಸಿಗೆಯ ಮಧ್ಯಾಹ್ನ, ಅದೂ ಬಲಿತ ಹಕ್ಕಿಗಳಿಗೆ. ಮೊದಲ ದಿನದ ಮರಿಗೆ ನಿಮಿಷಕ್ಕೆ 0.1 ಘನ ಅಡಿ ಎಂದು ಹಿಡಿದರೆ 15,000 ಮರಿಗಳಿಗೆ 1,500 ಘನ ಅಡಿ ಸಾಕು. ಅದಕ್ಕೆ ನಿಮಿಷಕ್ಕೆ 10,000 ಘನ ಅಡಿ ಎಳೆಯುವ ಒಂದು ಚಿಕ್ಕ ಫ್ಯಾನನ್ನು ಟೈಮರಿನಿಂದ 5 ನಿಮಿಷಕ್ಕೊಮ್ಮೆ 45 ಸೆಕೆಂಡು ನಡೆಸಿದರಾಯಿತು. ಚಳಿಯೆಂದು ಅದನ್ನೂ ನಿಲ್ಲಿಸುವವರಿದ್ದಾರೆ. ಹಾಸು ಒದ್ದೆಯಾಗಿ, ಕಣ್ಣು ಉರಿಯುವಷ್ಟು ಅಮೋನಿಯಾ ಏಳುವುದು ಇಂಥ ಮನೆಗಳಲ್ಲಿಯೇ.

ಪಟ್ಟಣದ ದೊಡ್ಡ ಕಟ್ಟಡಗಳ ಹವಾನಿಯಂತ್ರಣದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಹಿಂದೆ ಗಾಳಿಯ ಪ್ರಮಾಣವನ್ನು ಒಂದೇ ಸಮನೆ ಇಟ್ಟು ಅದರ ತಂಪನ್ನು ಬದಲಿಸುತ್ತಿದ್ದರು. 1973ರ ತೈಲ ಬಿಕ್ಕಟ್ಟಿನ ನಂತರ ಇನ್ನೊಂದು ಕ್ರಮ ಹೆಚ್ಚು ಬಳಕೆಗೆ ಬಂತು. ಸುಮಾರು 13 ಡಿಗ್ರಿಯ ತಂಪು ಗಾಳಿಯನ್ನೇ ಎಲ್ಲ ಕೋಣೆಗಳಿಗೂ ಕಳಿಸಿ, ಆಯಾ ಕೋಣೆಯ ಸೆಕೆಗೆ ತಕ್ಕಂತೆ ಕೊಳವೆಯೊಳಗಿನ ತಟ್ಟೆಬಾಗಿಲನ್ನು ತೆರೆಯುವುದು ಅಥವಾ ಮುಚ್ಚುವುದು. ಬಾಗಿಲುಗಳು ಮುಚ್ಚಿಕೊಂಡಂತೆ ಕೊಳವೆಯಲ್ಲಿ ಒತ್ತಡ ಏರುತ್ತದೆ. ಅದನ್ನು ಅಳೆಯುವ ಉಪಕರಣ ಫ್ಯಾನಿನ ವೇಗವನ್ನು ಇಳಿಸುತ್ತದೆ.

ವೇಗ ಇಳಿಸುವುದರಿಂದ ಏನು ಲಾಭ? ಪಂಪ್‌ಸೆಟ್ಟು ಇಟ್ಟವರಿಗೆ ಇದು ಬೇಗ ತಿಳಿಯುತ್ತದೆ. ಗೇಟ್‌ವಾಲ್ವು ತಿರುಗಿಸಿ ನೀರು ಕಡಿಮೆ ಮಾಡಿದರೆ ಕರೆಂಟು ಅದೇ ಪ್ರಮಾಣದಲ್ಲಿ ಉಳಿಯುವುದಿಲ್ಲ. ಫ್ಯಾನಿನಲ್ಲಿ ಗಾಳಿ ವೇಗಕ್ಕೆ ಸರಿಸಮವಾಗಿಯೂ, ಒತ್ತಡ ವೇಗದ ವರ್ಗಕ್ಕೂ, ತಗಲುವ ಶಕ್ತಿ ವೇಗದ ಘನಕ್ಕೂ ತಕ್ಕಂತೆ ಬದಲಾಗುತ್ತವೆ. ವೇಗವನ್ನು 100ರಿಂದ 80ಕ್ಕೆ ಇಳಿಸಿದರೆ ಗಾಳಿ 80, ಒತ್ತಡ 64, ಶಕ್ತಿ 51. ನಮ್ಮ ಮನೆಯಲ್ಲಿ ಅರ್ಧ ಗಾಳಿ ಸಾಕಾದಾಗ 4 ಫ್ಯಾನು ನಿಲ್ಲಿಸಿದರೆ 6 ಅಶ್ವಶಕ್ತಿ ಬೇಕು. ಎಂಟನ್ನೂ ಅರ್ಧ ವೇಗದಲ್ಲಿ ತಿರುಗಿಸಿದರೆ ಲೆಕ್ಕಕ್ಕೆ ಒಂದೂವರೆ ಅಶ್ವಶಕ್ತಿ ಸಾಕು! ಮೋಟಾರಿನ ಮತ್ತು ಬೆಲ್ಟಿನ ನಷ್ಟ ಸೇರಿದಾಗ ಉಳಿತಾಯ ಇಷ್ಟಿರುವುದಿಲ್ಲವಾದರೂ ಗಣನೀಯವಾಗಿಯೇ ಇರುತ್ತದೆ.

ಹಾಗೆಂದು ಎಲ್ಲ ಫ್ಯಾನಿಗೂ ವೇಗ ನಿಯಂತ್ರಕ ಹಾಕಿಸಲು ಹೊರಡಬೇಡಿರಿ. ಅರ್ಧ ವೇಗದಲ್ಲಿ ಒತ್ತಡ ಕಾಲು ಪಾಲಿಗೆ ಇಳಿಯುವುದರಿಂದ ಎದುರು ಗಾಳಿ ಬೀಸಿದಾಗ ಫ್ಯಾನು ಸೋಲುತ್ತದೆ. ಪಕ್ಕದ ಕಿಂಡಿಗಳಿಂದ ಬರುವ ತಣ್ಣನೆ ಗಾಳಿ ಮಾಡಿನುದ್ದಕ್ಕೂ ಚಿಮ್ಮದೆ ನೇರ ಮರಿಗಳ ಮೇಲೆ ಬೀಳುತ್ತದೆ. ಆದುದರಿಂದ ಒಂದೆರಡು ಫ್ಯಾನುಗಳಿಗೆ ಮಾತ್ರ ನಿಯಂತ್ರಕವಿದ್ದು, ಉಳಿದವು ಉಷ್ಣತೆ ಏರಿದಂತೆ ಒಂದೊಂದಾಗಿ ಚಾಲೂ ಆಗುವ ಏರ್ಪಾಡು ನಮ್ಮ ರೈತರಿಗೆ ಹೆಚ್ಚು ಸೂಕ್ತ. ಸೀಲಿಂಗ್ ಫ್ಯಾನಿನ ರೆಗ್ಯುಲೇಟರಿನಂಥದನ್ನು ಮೂರು ಫೇಸಿನ ಮೋಟಾರಿಗೆ ಜೋಡಿಸುವ ಸಾಹಸ ಬೇಡವೇ ಬೇಡ. ಮೋಟಾರು ಸುಡುತ್ತದೆ.

ಖರ್ಚಿಲ್ಲದ ಉಳಿತಾಯ ಬೇರೆಯೇ ಇದೆ. ಷಟರುಗಳಿಗೆ ಪುಕ್ಕ, ಧೂಳು ಮೆತ್ತಿ, ಬೆಲ್ಟು ಸಡಿಲವಾದರೆ ಗಾಳಿಯ ಕಾಲು ಪಾಲು ನಷ್ಟವಾಗುವುದು ಸಾಮಾನ್ಯ. ಎಂಟು ಫ್ಯಾನಿನ ಬಿಲ್ಲು ಕಟ್ಟಿ ಆರರ ಗಾಳಿ ಪಡೆದಂತಾಯಿತು. ಪ್ರತಿ ತಂಡ ಹೋದ ಮೇಲೆ ಷಟರು, ಎಲೆಗಳನ್ನು ಒರೆಸಿ, ಬೆಲ್ಟು ಬಿಗಿ ಮಾಡಿರಿ. ಬಾಗಿಲ ಸಂದು, ಪರದೆಯ ಹರಕುಗಳನ್ನು ಮುಚ್ಚಿರಿ. ಅವುಗಳ ಮೂಲಕ ನುಗ್ಗುವ ಗಾಳಿ ಪ್ಯಾಡನ್ನು ಹಾಯುವುದಿಲ್ಲ.

ಕರೆಂಟು ಹೋದರೆ

ಇದು ಎಲ್ಲಕ್ಕಿಂತ ಮುಖ್ಯ. ತೆರೆದ ಷೆಡ್ಡಿನಲ್ಲಿ ಕರೆಂಟು ಹೋದರೆ ದೀಪ ಆರುತ್ತದೆ, ಅಷ್ಟೆ. ಮುಚ್ಚಿದ ಮನೆಯಲ್ಲಿ ಬಲಿತ ಹಕ್ಕಿಗಳಿದ್ದು ಫ್ಯಾನು ನಿಂತರೆ ಸೆಕೆ ನಿಮಿಷ ನಿಮಿಷಕ್ಕೂ ಏರಿ, ಬೇಸಿಗೆಯಲ್ಲಿ 15–20 ನಿಮಿಷದಲ್ಲಿಯೇ ಸಾವು ಆರಂಭವಾಗಬಹುದು. ತಾನಾಗಿ ಚಾಲೂ ಆಗುವ ಡೀಸೆಲ್ ಜನರೇಟರು, ಬ್ಯಾಟರಿಯಿಂದ ಕೂಗುವ ಗಂಟೆ, ಕೈಯಿಂದ ತಟ್ಟನೆ ಇಳಿಸಬಹುದಾದ ಪಕ್ಕದ ಪರದೆ, ಈ ಮೂರೂ ಇರಲೇಬೇಕು. ಇವುಗಳ ಬೆಲೆಯನ್ನು ಮನೆಯ ಅಂದಾಜಿನಲ್ಲಿಯೇ ಸೇರಿಸಿ ಸಾಲ ಕೇಳಿರಿ. ಜನರೇಟರನ್ನು ವಾರಕ್ಕೊಮ್ಮೆ, ಮೇನ್ ಸ್ವಿಚ್ಚು ತೆಗೆದು, ಎಲ್ಲ ಫ್ಯಾನುಗಳ ಭಾರ ಹೊರಿಸಿಯೇ ನಡೆಸಿ ನೋಡಿರಿ. ಎಂಟು ಮೋಟಾರು ಒಟ್ಟಿಗೆ ಎದ್ದರೆ ಅದು ಮುಗ್ಗರಿಸಬಹುದು. ಒಂದರ ನಂತರ ಒಂದು ಏಳುವಂತೆ ಎಲೆಕ್ಟ್ರಿಷಿಯನ್ನಿಂದ ಟೈಮರು ಹಾಕಿಸಿಕೊಳ್ಳಿರಿ.